ತಲೆಯಿಲ್ಲದ ಮೀನು

ಬಜಪೆ

ನಮ್ಮ ಕಡೆಯವರು ಗಲ್ಫಿಗೆ ಹೋಗುವುದು ದುಡಿಯಲಿಕ್ಕೆ. ನಾನು ಹೋದದ್ದು ನೋಡಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಿಮಾನ ನಿಲ್ದಾಣದಲ್ಲಿ ಈ ಮಾತನ್ನು ಮೂರು ಜನರಿಗೆ ಹೇಳಬೇಕಾಯಿತು, ಒಬ್ಬರೂ ನಂಬಲಿಲ್ಲ.

ನನ್ನದು ದೇರೆಬೈಲಿನಲ್ಲಿ ಮೀನಿನ ಅಂಗಡಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನು ದೋಣಿಗಳು ತಂಗುವ ದಕ್ಕೆಯಲ್ಲಿ ಐಸ್ ಹೊತ್ತೆ, ಆಮೇಲೆ ಕತ್ತಿ ಹಿಡಿದೆ. ಮೂವತ್ತು ವರ್ಷವಾಯಿತು, ಇನ್ನೂ ಕೆಳಗಿಟ್ಟಿಲ್ಲ. ಅಂಜಲ್ ಮೀನನ್ನು ಕಣ್ಣು ಮುಚ್ಚಿ ಕೊಯ್ದರೂ ತುಂಡುಗಳೆಲ್ಲ ಒಂದೇ ದಪ್ಪ ಬರುತ್ತವೆ. ಜಂಬವಲ್ಲ, ಬಲ್ಮಠದಿಂದ ಕಾರಿನಲ್ಲಿ ಬಂದು ನನ್ನ ಕತ್ತಿಗಾಗಿ ಕಾದು ನಿಲ್ಲುವವರಿದ್ದಾರೆ. ಬಜಪೆಗೆ ಇಳಿಯುವ ವಿಮಾನಗಳನ್ನು ಅಂಗಡಿಯಿಂದಲೇ ನೋಡುತ್ತೇನೆ. ಇಷ್ಟು ವರ್ಷ ಅವುಗಳ ಹೊಟ್ಟೆ ಮಾತ್ರ ನೋಡಿದ್ದೆ.

ಹಮೀದ್ ಮತ್ತು ನಾನು ಒಂದೇ ವರ್ಷ ದಕ್ಕೆಗೆ ಬಂದವರು. ಅವನು ಬೇಗ ಅಬುಧಾಬಿಗೆ ಹೋದ. ಈಗ ಅಲ್ಲಿಂದ ಪಶ್ಚಿಮಕ್ಕೆ ಎರಡು ಗಂಟೆ ದಾರಿಯ ಸಣ್ಣ ಬಂದರು ಊರೊಂದರಲ್ಲಿ ಚಹಾದ ಹೋಟೆಲು ಇಟ್ಟಿದ್ದಾನೆ. ಊರಿಗೆ ಬಂದಾಗಲೆಲ್ಲ, "ದಾಮ, ಒಮ್ಮೆ ಬಂದು ಹೋಗು ಮಾರಾಯ. ಎರಡು ವಾರ ನಿನ್ನ ಕೈಯಿಂದ ಮೀನುಗಳಿಗೂ ರಜೆ ಸಿಗ್ತದೆ" ಎನ್ನುತ್ತಿದ್ದ. ಈ ಜನವರಿಯಲ್ಲಿ ಚರಂಡಿ ಕೆಲಸಕ್ಕೆಂದು ಅಂಗಡಿಯ ಮುಂದೆ ರಸ್ತೆ ಅಗೆದು ಹಾಕಿದರು. ಗಿರಾಕಿಗಳಿಗೆ ಬರಲು ದಾರಿಯೇ ಇಲ್ಲದಂತಾಯಿತು. ಹೆಂಡತಿ ಸುಮತಿ ಎರಡು ದಿನ ನೋಡಿದಳು. ಮೂರನೆಯ ದಿನ, "ಮನೆಯಲ್ಲಿ ಕೂತು ನನ್ನ ಸಾರಿನಲ್ಲಿ ತಪ್ಪು ಹುಡುಕುವ ಬದಲು ಹಮೀದಣ್ಣನ ಹತ್ತಿರ ಹೋಗಿ ಬನ್ನಿ" ಎಂದಳು.

ಸರದಿಯಲ್ಲಿ ನನ್ನ ಮುಂದೆ ಮೂಡಬಿದಿರೆಯ ಒಬ್ಬ ಎಲೆಕ್ಟ್ರಿಷಿಯನ್ ನಿಂತಿದ್ದ.

"ಯಾವ ಕಂಪೆನಿ ಅಣ್ಣ?"

"ಕಂಪೆನಿ ಇಲ್ಲ. ನೋಡ್ಲಿಕ್ಕೆ ಹೋಗುವುದು."

"ಎಂತ ನೋಡ್ಲಿಕ್ಕೆ?"

"ಎಂತ ಉಂಟೋ ಅದನ್ನು."

"ಮರಳು ಉಂಟು," ಎಂದು ಅವನು ನಕ್ಕು ಮುಂದೆ ಸರಿದ.

ಹಾರ್ನಿನ ಊರು

ಗಲ್ಫ್ ಎಂದರೆ ಬಿಸಿಲು ಎಂದುಕೊಂಡು ಎರಡು ತೆಳು ಅಂಗಿ ಕಟ್ಟಿಕೊಂಡು ಹೋಗಿದ್ದೆ. ಜನವರಿಯ ಬೆಳಗ್ಗೆ ಅಲ್ಲಿ ಹಲ್ಲು ಕಟಕಟ ಎನ್ನುತ್ತದೆ. ಹಮೀದ್ ತನ್ನ ಉಣ್ಣೆಯ ಟೊಪ್ಪಿ ಕೊಟ್ಟ. ಅದನ್ನು ಹಾಕಿ ತೆಗೆದ ಫೋಟೊ ನೋಡಿ ಸುಮತಿ ಫೋನಿನಲ್ಲಿ ಹತ್ತು ನಿಮಿಷ ನಕ್ಕಳು.

ನಮ್ಮಲ್ಲಿ ಹಾರ್ನ್ ಬಾರಿಸಿದರೆ ದಾರಿ ಬಿಡು ಎಂದು ಅರ್ಥ. ಅಲ್ಲಿ ಹಮೀದನ ಹೋಟೆಲಿನ ಮುಂದೆ ಹಾರ್ನ್ ಬಾರಿಸಿದರೆ ಚಹಾ ತಾ ಎಂದು ಅರ್ಥ. ಗಿರಾಕಿ ಕಾರಿನಿಂದ ಇಳಿಯುವುದೇ ಇಲ್ಲ. ಎರಡು ಸಲ ಬಾರಿಸಿದರೆ ಎರಡು ಚಹಾ ಇರಬೇಕು ಎಂದು ನಾನು ಮೊದಲ ದಿನ ಎರಡು ಕಪ್ ಹಿಡಿದುಕೊಂಡು ಓಡಿದೆ. ಒಳಗೆ ಒಬ್ಬರೇ ಇದ್ದರು, ಅವಸರದಲ್ಲಿದ್ದರು, ಅಷ್ಟೇ. ಇಡೀ ಊರಿನಲ್ಲಿ ಬೇರೆಲ್ಲೂ ಹಾರ್ನ್ ಕೇಳಲಿಲ್ಲ. ನಮ್ಮ ನಂತೂರು ಸರ್ಕಲಿನಲ್ಲಿ ಒಂದು ಗಂಟೆಗೆ ಆಗುವ ಸದ್ದು ಅಲ್ಲಿ ಒಂದು ವರ್ಷಕ್ಕೆ ಸಾಕು.

ಮೊದಲ ಊಟಕ್ಕೆ ದೊಡ್ಡ ಹಮೂರ್ ಮೀನಿನ ಸಾರು. ಹಮೀದ್ ಮಂಡೆಯನ್ನು ನನ್ನ ಬಟ್ಟಲಿಗೆ ಹಾಕಿದ. ನಮ್ಮ ಮನೆಯಲ್ಲೂ ಮಂಡೆ ನನಗೇ. ಮೀನು ತಂದವನಿಗೆ ಮಂಡೆ ಎನ್ನುವುದು ನನ್ನ ಅಪ್ಪನ ಕಾಲದಿಂದ ನಡೆದು ಬಂದದ್ದು.

"ಇಲ್ಲಿ ಮೀನು ತಂದದ್ದು ನೀನು," ಎಂದೆ.

"ನೀನು ಗೆಸ್ಟು. ಬಾಯಿ ಮುಚ್ಚಿ ತಿನ್ನು."

ಬೇಲಿಯ ಬಳಿ ಒಂದು ಕುರ್ಚಿ

ಎರಡು ದಿನದಲ್ಲಿ ಊರು ನೋಡಿ ಮುಗಿಯಿತು. ಕೂತು ತಿನ್ನುವುದು ನನ್ನಿಂದಾಗದ ಕೆಲಸ. ಹಮೀದನ ಅಡುಗೆಮನೆಗೆ ನುಗ್ಗಿ ಮೀನು ಕೊಯ್ಯಲು ತೊಡಗಿದೆ. ಅಡುಗೆಯವನಿಗೆ ಸಿಟ್ಟು ಬಂತು. ಮರುದಿನ ಬೆಳಗ್ಗೆ ಹಮೀದ್ ನನ್ನನ್ನು ಎಬ್ಬಿಸಿ, "ನಡಿ, ನಿನಗೆ ಕೆಲಸ ಉಂಟು. ಕತ್ತಿ ಬೇಡ" ಎಂದು ವ್ಯಾನಿಗೆ ಹತ್ತಿಸಿದ.

ಊರಿನ ಹೊರಗೆ ಕಡಲ ದಂಡೆ. ಅಲ್ಲೊಂದು ತಂತಿ ಬೇಲಿ, ಬೇಲಿಯ ಬಳಿ ಮಡಚುವ ಕುರ್ಚಿ, ಮೂರು ಕಾಲಿನ ಮೇಲೆ ನಿಲ್ಲಿಸಿದ ದುರ್ಬೀನು. ಎದುರಿಗೆ ನೀರು, ನೀರಿನಾಚೆ ಜನರಿಲ್ಲದ ಒಂದು ತಗ್ಗು ದ್ವೀಪ. ನಮ್ಮ ನೇತ್ರಾವತಿಯ ಸೇತುವೆಯ ಅರ್ಧದಷ್ಟು ದೂರ, ಅರ್ಧ ಕಿಲೋಮೀಟರು ಇದ್ದೀತು. ಕುರ್ಚಿಯಿಂದ ಎದ್ದ ಹೆಂಗಸಿನ ಹೆಸರು ರೋಸಲಿನ್, ಫಿಲಿಪ್ಪೀನ್ಸ್‌ನವರು. ಅಲ್ಲಿನ ಶಾಲೆಯೊಂದರ ಲ್ಯಾಬಿನಲ್ಲಿ ಕೆಲಸ. ಅವರ ಹಿಂದಿ ಗಲ್ಫಿನಲ್ಲಿ ಕಲಿತದ್ದು, ನನ್ನದು ದಕ್ಕೆಯಲ್ಲಿ ಕಲಿತದ್ದು. ಎರಡೂ ಸಮಾನವಾಗಿ ಮುರಿದಿದ್ದರಿಂದ ಮಾತು ಚೆನ್ನಾಗಿ ನಡೆಯಿತು.

ದುರ್ಬೀನಿಗೆ ಕಣ್ಣಿಟ್ಟೆ. ದ್ವೀಪದ ಕಲ್ಲಿನ ತುದಿಯಲ್ಲಿ, ಮರವಿಲ್ಲದ ಬಯಲಿನಲ್ಲಿ, ನೆಲದಿಂದಲೇ ಎದ್ದ ಕಡ್ಡಿಗಳ ದೊಡ್ಡ ರಾಶಿ. ಕಡ್ಡಿಯ ನಡುವೆ ನೀಲಿ ನೈಲಾನ್ ಹಗ್ಗ, ಬಲೆಯ ಚೂರು, ಒಂದು ಚಪ್ಪಲಿ. ಮೇಲೆ ಬಿಳಿ ತಲೆ, ಕಣ್ಣಿನ ಮೇಲೆ ಕಪ್ಪು ಪಟ್ಟಿಯ ಹಕ್ಕಿ. ಮೀನು ಗಿಡುಗ. ಚಳಿಗಾಲದಲ್ಲಿ ನಮ್ಮ ಕೂಳೂರು ಸೇತುವೆಯ ಕಂಬದ ಮೇಲೆ ಕೂರುವುದೂ ಇದೇ.

"ಇದು ನಮ್ಮೂರಿಗೆ ಬರ್ತದೆ," ಎಂದೆ.

"ಇವಳಲ್ಲ," ಎಂದರು ರೋಸಲಿನ್. "ನಿಮ್ಮಲ್ಲಿಗೆ ಬರುವವರು ಉತ್ತರದ ಚಳಿ ದೇಶದವರು. ಇವಳು ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಮನೆ." ಹಕ್ಕಿಗಳನ್ನು ಅವರು ಅವಳು, ಅವನು ಎಂದೇ ಹೇಳುವುದು, ನೆರೆಮನೆಯವರ ಹಾಗೆ.

ಗೂಡಿನಲ್ಲಿ ಮೂರು ಮೊಟ್ಟೆಗಳಿದ್ದವು, ಇಟ್ಟ ಹೊಸದರಲ್ಲಿ ದ್ವೀಪದ ಕಾವಲಿನವರು ಒಮ್ಮೆ ಹೋಗಿ ಎಣಿಸಿದ್ದರಂತೆ. ಎರಡು ವಾರದೊಳಗೆ ಒಡೆಯಬೇಕು. ಅದು ಬಿಟ್ಟರೆ ಮೊಟ್ಟೆ ಮರಿಗಳ ಕಾಲದಲ್ಲಿ ದ್ವೀಪಕ್ಕೆ ಯಾರೂ ಕಾಲಿಡುವಂತಿಲ್ಲ, ಈ ದಂಡೆಯಿಂದಲೇ ನೋಡಿ ಬರೆಯಬೇಕು. ಸಂಬಳವಿಲ್ಲ, ಸರದಿಯ ಮೇಲೆ ಬರುವ ಸ್ವಯಂಸೇವಕರೇ ಎಲ್ಲ ಮಾಡುವುದು. ಬೆಳಗಿನ ಸರದಿಯವನು ರಜೆಯಲ್ಲಿ ಊರಿಗೆ ಹೋಗಿದ್ದ. ಆ ಜಾಗಕ್ಕೆ ಹಮೀದ್ ನನ್ನನ್ನು ಒಪ್ಪಿಸಿಯಾಗಿತ್ತು. "ಇವನ ಕಣ್ಣು ಗಿಡುಗನಿಗಿಂತ ಜೋರು" ಎಂದು ಹೇಳಿದ್ದನಂತೆ.

ಬರೆಯುವ ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆದು ಎರಡು ಸಾಲು. ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು. ನಾನು ಕನ್ನಡದಲ್ಲಿ ಬರೆದರೂ ಆದೀತು, ಹಮೀದ್ ಇಂಗ್ಲಿಷಿಗೆ ಇಳಿಸುತ್ತಾನೆ ಎಂದಾಯಿತು.

ಮೂರು ದಿನ ಕೆಲಸ ಚೆಂದ ನಡೆಯಿತು. ಗಂಡು ಸಣ್ಣ ಸಣ್ಣ ಮೀನು ಇಡಿಯಾಗಿ ತರುತ್ತಿತ್ತು. ಬೇರೆಯವರು ಹಾಳೆಯಲ್ಲಿ 'ಮೀನು' ಎಂದಷ್ಟೇ ಬರೆಯುತ್ತಿದ್ದರು. ನಾನು ಬಾಲ ನೋಡಿ, ಬೆನ್ನು ನೋಡಿ, ಹೆಸರು ಹಾಕಿದೆ. ಅಲ್ಲಿಯ ಶೇರಿ, ನಮ್ಮ ಬಂಗುಡೆ, ಕಾಣೆಯ ಜಾತಿಯದ್ದೊಂದು. ರೋಸಲಿನ್ ಹಾಳೆಯನ್ನು ಬೇರೆ ಸ್ವಯಂಸೇವಕರಿಗೆಲ್ಲ ಫೋನಿನಲ್ಲಿ ಕಳಿಸಿದರು. ಹಿಗ್ಗಿನಲ್ಲಿ ನನಗೆ ನೆಲ ಸ್ವಲ್ಪ ಕೆಳಗಾಯಿತು.

ನಾಲ್ಕನೆಯ ಬೆಳಗ್ಗೆ

ಹಮೀದ್ ನನ್ನನ್ನು ಇಳಿಸಿ ಹೋಟೆಲಿಗೆ ಹೋದ. ರೋಸಲಿನ್ ಶಾಲೆಯಲ್ಲಿದ್ದರು. ನಾನೊಬ್ಬನೇ. ಎಂಟು ಗಂಟೆಯ ಹೊತ್ತಿಗೆ ಗಂಡು ದ್ವೀಪದ ಹಿಂಬದಿಯಿಂದ ಬಂತು. ಕಾಲಿನಲ್ಲಿ ದೊಡ್ಡ ಮೀನು. ಬಾಲ ಶೇರಿಯದ್ದು. ಮುಂದೆ ನೋಡುತ್ತೇನೆ, ತಲೆಯೇ ಇಲ್ಲ. ಕಿವಿರಿನ ಹಿಂದೆ ನೇರವಾಗಿ ಹೋಗಿದೆ, ನಾನು ಹಾಕುವ ಏಟಿನ ಹಾಗೆ.

ಈಗ ನನ್ನ ಜಾಗದಲ್ಲಿ ಕೂತು ಯೋಚಿಸಿ. ಮೂವತ್ತು ವರ್ಷ ನನ್ನ ಅಂಗಡಿಯ ಮೇಲೆ ಗಿಡುಗಗಳು ಸುತ್ತಿವೆ. ತಲೆಯಿಲ್ಲದ ಮೀನು ಹಕ್ಕಿಯ ಕಾಲಿನಲ್ಲಿ ಕಂಡರೆ, ಅದು ಯಾರದೋ ಕೊಯ್ಯುವ ಮಣೆಯಿಂದ ಎತ್ತಿದ ಮೀನು. ಕತ್ತಿ ಇಲ್ಲದೆ ತಲೆ ಹೋಗುವುದಿಲ್ಲ, ಮನುಷ್ಯ ಇಲ್ಲದೆ ಕತ್ತಿ ಇಲ್ಲ. ದ್ವೀಪದ ಹಿಂದೆ ಯಾರೋ ಕಳ್ಳತನದಲ್ಲಿ ಇಳಿದು ಮೀನು ಕೊಯ್ಯುತ್ತಿದ್ದಾರೆ. ಲೆಕ್ಕ ಸ್ಪಷ್ಟ.

ಹಮೀದನಿಗೆ ಫೋನ್ ಮಾಡಿದೆ.

"ದ್ವೀಪದಲ್ಲಿ ಜನ ಇದ್ದಾರೆ. ರೋಸಲಿನ್‌ಗೆ ಹೇಳು."

"ನೋಡಿದ್ಯಾ?"

"ನೋಡ್ಬೇಕಂತ ಎಂತ ಉಂಟು? ಮೀನು ಕೊಯ್ದಿದ್ದಾರೆ."

"ಸರಿಯಾಗಿ ಹೇಳು ದಾಮ. ಜನರನ್ನು ನೋಡಿದ್ಯಾ, ಇಲ್ವಾ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳುವ."

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಓದಿದವರು ಗೊತ್ತಿಲ್ಲ ಎಂದರೆ ಜನ ಮರ್ಯಾದೆ ಕೊಡುತ್ತಾರೆ. ಆರನೇ ಕ್ಲಾಸಿನವನು ಒಮ್ಮೆ ಹೇಳಿದರೆ ಮುಗಿಯಿತು, ಎಂದಿಗೂ ಅವನಿಗೆ ಏನೂ ಗೊತ್ತಿಲ್ಲ.

"ಮೀನಿನ ವಿಷಯದಲ್ಲಿ ನನಗೆ ಕಲಿಸ್ತೀಯಾ?" ಎಂದೆ. "ಇದ್ದಾರೆ ಅಂದರೆ ಇದ್ದಾರೆ. ಹೇಳು ನೀನು."

ಅವನು ಹೇಳಿದ. ನನ್ನ ಮಾತಿಗೆ ಬೆಲೆ ಇತ್ತಲ್ಲ, ರೋಸಲಿನ್ ನಂಬಿದರು. ಅರ್ಧ ಗಂಟೆಯಲ್ಲಿ ಕಾವಲಿನ ದೋಣಿ ಬಂತು.

ದೋಣಿ

ದೋಣಿ ದ್ವೀಪಕ್ಕೆ ತಾಗುವ ಮೊದಲೇ ಹೆಣ್ಣು ಗೂಡು ಬಿಟ್ಟು ಎದ್ದಿತು. ಇಬ್ಬರು ಕಾವಲುಗಾರರು ಇಳಿದು ಗೂಡಿನಿಂದ ದೂರವೇ ಉಳಿದು ದ್ವೀಪದ ಹಿಂಬದಿಗೆ ನಡೆದರು. ನಿಯತ್ತಿನ ಜನ, ಪ್ರತಿ ಕಲ್ಲಿನ ಸಂದು ನೋಡಿದರು. ಹಕ್ಕಿ ಮೇಲೆ ಸುತ್ತುತ್ತ ಕೂಗುತ್ತಿತ್ತು. ಇಷ್ಟು ದೊಡ್ಡ ಹಕ್ಕಿಗೆ ಅಷ್ಟು ಸಣ್ಣ ಸ್ವರ, ಪೀಪಿಯ ಹಾಗೆ. ಗಾಳಿ ಆ ಸ್ವರವನ್ನು ನೀರಿನ ಮೇಲಿಂದ ನನ್ನ ಕುರ್ಚಿಯವರೆಗೆ ತರುತ್ತಿತ್ತು.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಬಿಳಿ ಕಡಲಹಕ್ಕಿಗಳು ಎಲ್ಲಿದ್ದವೋ, ಒಂದೊಂದಾಗಿ ಬಂದು ಗೂಡಿನ ಸುತ್ತ ಕೂತವು. ಗಂಡು ಎರಡನ್ನು ಓಡಿಸಿತು. ಮೂರನೆಯದು ಹಾರಿ ಗೂಡಿನೊಳಗೆ ಇಳಿಯಿತು. ಮೇಲೆದ್ದಾಗ ಅದರ ಕೊಕ್ಕು ಹಳದಿಯಾಗಿ ಒದ್ದೆಯಾಗಿತ್ತು.

ನಾನು ಎದ್ದು ನಿಂತು "ಹೋ, ಹೋ" ಎಂದು ಕೂಗಿದೆ. ಅಂಗಡಿಯ ಮಣೆಗೆ ಕಾಗೆ ಬಂದರೆ ಹಾಗೆಯೇ ಓಡಿಸುವುದು. ಅಷ್ಟು ದೂರಕ್ಕೆ ಯಾರಿಗೆ ಕೇಳುತ್ತದೆ? ದಂಡೆಯಲ್ಲಿ ಓಡುತ್ತಿದ್ದ ಒಬ್ಬ ಬಿಳಿಯ ನಿಂತು ನನ್ನನ್ನು ನೋಡಿ, ಕೈ ಎತ್ತಿ ನಮಸ್ಕಾರದ ಹಾಗೆ ಮಾಡಿ ಮುಂದೆ ಓಡಿದ.

ಮುಕ್ಕಾಲು ಗಂಟೆಯ ಮೇಲೆ ದೋಣಿ ಹೊರಟಿತು. ದ್ವೀಪದಲ್ಲಿ ಯಾರೂ ಇರಲಿಲ್ಲ.

ರೋಸಲಿನ್ ಶಾಲೆಯಿಂದ ಬಿಡುವು ಕೇಳಿ ಬಂದರು, ಹಿಂದೆಯೇ ಹಮೀದನೂ ಬಂದ. ನಾನು ಮೀನಿನ ವಿಷಯ ಹೇಳಿದೆ, ಕತ್ತಿಯ ಏಟನ್ನು ಕೈಯಲ್ಲೇ ತೋರಿಸಿದೆ. ಅವರು ನನ್ನ ಕೈಯನ್ನು ನೋಡಿ ಹೇಳಿದರು.

"ದಾಮೋದರ್ ಭಾಯ್, ಅವನು ಮೀನು ಹಿಡಿದ ಮೇಲೆ ಎಲ್ಲಾದರೂ ಕೂತು ಮೊದಲು ತಲೆ ತಿನ್ನುತ್ತಾನೆ. ಅದು ಅವನ ಊಟ. ಉಳಿದದ್ದು ಅವಳಿಗೆ ತರುತ್ತಾನೆ. ಯಾವಾಗಲೂ ಅಲ್ಲ, ಬಹಳ ಸಲ."

ಮಂಡೆ ಮೀನು ತಂದವನಿಗೆ. ನನ್ನ ಮನೆಯ ಪದ್ಧತಿ ಹಕ್ಕಿಯ ಮನೆಯಲ್ಲೂ ಇರಬಹುದು ಎಂದು ನನ್ನ ತಲೆಗೆ ಹೋಗಲೇ ಇಲ್ಲ.

ಅವರು ಹಾಳೆ ತೆಗೆದರು. ಎಡದ ಸಾಲಿನಲ್ಲಿ, ಕಂಡದ್ದು ಎಂಬಲ್ಲಿ, ನಾನು ದೊಡ್ಡ ಅಕ್ಷರದಲ್ಲಿ ಬರೆದಿದ್ದೆ: 'ದ್ವೀಪದಲ್ಲಿ ಮನುಷ್ಯರು.' ಹಮೀದ್ ಅದನ್ನು ಓದಿ ಹೇಳಿದ. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ.

"ಅವಳು ವಾಪಸು ಬಂದು ಕೂತಿದ್ದಾಳೆ," ಎಂದರು. "ಒಳಗೆ ಎಷ್ಟು ಉಳಿದಿದೆ, ಉಳಿದದ್ದಕ್ಕೆ ಜೀವ ಇದೆಯಾ, ಇಲ್ಲಿಂದ ಕಾಣುವುದಿಲ್ಲ. ಗೂಡಿನ ಕುಳಿ ಆಳ. ಮರಿ ಬಂದರೆ ಮಾತ್ರ ಗೊತ್ತಾಗುವುದು."

"ನಾನು ನಾಳೆಯಿಂದ ಬರುವುದಿಲ್ಲ," ಎಂದೆ. "ಬೇರೆ ಯಾರನ್ನಾದರೂ ನೋಡಿ."

"ನಾಳೆ ಆರೂವರೆಗೆ ಬನ್ನಿ," ಎಂದರು ರೋಸಲಿನ್. "ಈಗ ಜಾಸ್ತಿ ನೋಡಬೇಕು, ಕಡಿಮೆ ಅಲ್ಲ."

ಎಂಟು ದಿನ

ನಾನು ಊರಿಗೆ ಹೊರಡಲು ಉಳಿದದ್ದು ಎಂಟು ಬೆಳಗ್ಗೆ. ಹಮೀದನ ಪಟ್ಟಿಯಲ್ಲಿ ಎತ್ತರದ ಕಟ್ಟಡ, ದೊಡ್ಡ ಮಸೀದಿ, ಒಂಟೆಯ ಓಟ ಎಲ್ಲ ಇದ್ದವು. ಒಂದಕ್ಕೂ ಹೋಗಲಿಲ್ಲ.

"ಗಲ್ಫಿಗೆ ಬಂದು ಬೇಲಿ ನೋಡಿದವ ನೀನೊಬ್ಬನೇ," ಎಂದು ಅವನು ದಿನಾ ಚಹಾ ತಂದುಕೊಡುವಾಗ ಹೇಳುತ್ತಿದ್ದ.

"ನೋಡ್ಲಿಕ್ಕೆ ಬಂದವ ಅಲ್ವಾ."

"ಆ ಮೊಟ್ಟೆ ಒಡೆಯದಿದ್ದರೆ ಎಂತ ಮಾಡ್ತಿ?"

ಚಹಾ ಕುಡಿದು ದುರ್ಬೀನಿಗೆ ಕಣ್ಣಿಟ್ಟೆ. ಮೀನು ಹಾಳಾದರೆ ಎಸೆದು ನಾಳೆ ಹೊಸದು ತರಬಹುದು. ಇದು ಹಾಗಲ್ಲ. ವರ್ಷಕ್ಕೆ ಒಂದೇ ಸಲ, ಒಂದೇ ಗೂಡು. ಮೊಟ್ಟೆ ಸತ್ತಿದ್ದರೂ ಹಕ್ಕಿ ದಿನಗಟ್ಟಲೆ ಅದರ ಮೇಲೆ ಕೂರುವುದುಂಟು ಎಂದು ರೋಸಲಿನ್ ಹೇಳಿದ್ದರು. ಆದ್ದರಿಂದ ಅದು ಕೂತಿದ್ದನ್ನು ನೋಡಿಯೂ ಸಮಾಧಾನವಿಲ್ಲ.

ಕೂತು ನೋಡುವುದು ಕೆಲಸ ಎಂದು ನಾನು ಎಂದೂ ಒಪ್ಪಿದವನಲ್ಲ. ಆ ಎಂಟು ದಿನದಲ್ಲಿ ಒಪ್ಪಿದೆ. ಐಸ್ ಹೊತ್ತ ದಿನಗಳಲ್ಲೂ ಬೆನ್ನು ಹಾಗೆ ನೋಯಲಿಲ್ಲ. ಕಣ್ಣಿನಲ್ಲಿ ನೀರು, ಮೂಗಿನಲ್ಲಿ ಮರಳು. ಹಾಳೆಯಲ್ಲಿ ಕಂಡದ್ದನ್ನು ಮಾತ್ರ ಬರೆದೆ. ಏಳು ಹತ್ತಕ್ಕೆ ಎದ್ದಿತು, ತಿರುಗಿತು, ಕೂತಿತು. ಎಂಟಕ್ಕೆ ಗಂಡು ಕಡ್ಡಿ ತಂದಿತು. ಒಂಬತ್ತಕ್ಕೆ ಶೇರಿ, ತಲೆ ಇಲ್ಲ. ಬಲದ ಸಾಲು ಖಾಲಿ.

ನಾಲ್ಕು ದಿನ ಹೋಯಿತು. ಐದು, ಆರು. ಏಳನೆಯ ದಿನ ಗಾಳಿ ಎದ್ದು ಮರಳಿನಲ್ಲಿ ದ್ವೀಪವೇ ಕಾಣಲಿಲ್ಲ. 'ಏನೂ ಕಾಣುವುದಿಲ್ಲ' ಎಂದು ಬರೆದು ಟೊಪ್ಪಿಯನ್ನು ಕಿವಿಯವರೆಗೆ ಎಳೆದು ಮೂರು ಗಂಟೆ ಅಲ್ಲೇ ಕೂತೆ. ಯಾಕೆಂದು ಯಾರೂ ಕೇಳಲಿಲ್ಲ.

ಕೊನೆಯ ಬೆಳಗ್ಗೆ

ಗಾಳಿ ನಿಂತಿತ್ತು. ನೀರು ತಟ್ಟೆಯ ಹಾಗೆ. ಸಂಜೆಗೆ ನನ್ನ ವಿಮಾನ. ವಾರದ ರಜೆಯಾದ್ದರಿಂದ ರೋಸಲಿನ್ ಮತ್ತು ಹಮೀದ್ ಇಬ್ಬರೂ ಇದ್ದರು, ಬೇಲಿಗೆ ಒರಗಿ ಚಹಾ ಕುಡಿಯುತ್ತಿದ್ದರು.

ಏಳೂ ನಲವತ್ತಕ್ಕೆ ಗಂಡು ಬಂತು, ತಲೆಯಿಲ್ಲದ ಮೀನಿನೊಂದಿಗೆ. ಇಷ್ಟು ದಿನ ಹೆಣ್ಣು ಮೀನನ್ನು ಕಸಿದುಕೊಂಡು ಪಕ್ಕದ ಕಲ್ಲಿಗೆ ಹೋಗಿ ತಾನು ತಿನ್ನುತ್ತಿತ್ತು. ಆ ದಿನ ಗೂಡು ಬಿಡಲಿಲ್ಲ. ಮೀನನ್ನು ಕಾಲಿನ ಕೆಳಗೆ ಒತ್ತಿ ಹಿಡಿದು, ಉಗುರಿನಷ್ಟು ಸಣ್ಣ ಚೂರು ಕಿತ್ತಿತು. ನುಂಗಲಿಲ್ಲ. ಕತ್ತು ಬಗ್ಗಿಸಿ ಕುಳಿಯೊಳಗೆ ಇಳಿಸಿತು, ಹಾಗೆಯೇ ಸ್ವಲ್ಪ ಹೊತ್ತು ನಿಂತಿತು. ಕತ್ತೆತ್ತಿದಾಗ ಕೊಕ್ಕಿನಲ್ಲಿ ಏನೂ ಇರಲಿಲ್ಲ. ಮತ್ತೊಂದು ಚೂರು. ಮತ್ತೆ ಬಗ್ಗಿತು.

ಎರಡು ಸಲ ಕಣ್ಣು ಒರೆಸಿಕೊಂಡು ಎಣಿಸಿದೆ. ಆಮೇಲೆ ಹಾಳೆ ತೆಗೆದು ಎಡದ ಸಾಲಿನಲ್ಲಿ ಬರೆದೆ: 'ಶೇರಿ, ತಲೆ ಇಲ್ಲ. ಸಣ್ಣ ಚೂರು ಮಾಡಿದಳು. ತಾನು ತಿನ್ನಲಿಲ್ಲ. ಕೆಳಗೆ ಬಗ್ಗಿದಳು. ಆರು ಸಲ.' ಪೆನ್ನು ಮುಚ್ಚಿ ಹಾಳೆಯನ್ನು ಹಮೀದನಿಗೆ ಕೊಟ್ಟೆ.

ಅವನು ರೋಸಲಿನ್‌ಗೆ ಓದಿ ಹೇಳಿದ. ಅವರು ಕಪ್ಪನ್ನು ನೆಲದ ಮೇಲಿಟ್ಟು ದುರ್ಬೀನಿಗೆ ಕಣ್ಣಿಟ್ಟರು. ತುಂಬಾ ಹೊತ್ತು ಎತ್ತಲಿಲ್ಲ. ಎತ್ತಿದ ಮೇಲೆ ಹಾಳೆಯನ್ನು ನನಗೇ ತಿರುಗಿ ಕೊಟ್ಟು ಬಲದ ಸಾಲಿನ ಮೇಲೆ ಬೆರಳಿಟ್ಟರು.

"ಇದು ಯಾಕೆ ಖಾಲಿ?"

"ಮರಿ ನನಗೆ ಕಾಣಲಿಲ್ಲ."

"ಕಾಣದ್ದನ್ನು ಬರೆಯಲಿಕ್ಕೇ ಈ ಸಾಲು ಇರುವುದು, ದಾಮೋದರ್ ಭಾಯ್. ಬರೀರಿ."

'ಮರಿ' ಎಂದು ಬರೆದೆ. ಎರಡೇ ಅಕ್ಷರ. ಎಷ್ಟು ಎಂದು ಬರೆಯಲಿಲ್ಲ.

ದೇರೆಬೈಲ್

ಮನೆ ಸೇರಿದ ದಿನ ಸುಮತಿ ಮೀನು ಸಾರು ಮಾಡಿದ್ದಳು. ಮಂಡೆ ಎಂದಿನಂತೆ ನನ್ನ ಬಟ್ಟಲಿನಲ್ಲಿ. ಅದನ್ನು ನೋಡುತ್ತ ಇಡೀ ಕಥೆ ಹೇಳಿದೆ, ಹಳದಿ ಕೊಕ್ಕನ್ನೂ ಬಿಡದೆ. ಅವಳು ಮಧ್ಯ ಬಾಯಿ ಹಾಕದೆ ಕೇಳಿದಳು.

"ಆ ಹಕ್ಕಿ ಮಂಡೆ ತಿಂದು ಮೈ ಪೂರ್ತಿ ಹೆಂಡತಿಗೆ ತರ್ತದೆ," ಎಂದಳು ಕೊನೆಗೆ. "ನೀವು ಮಂಡೆ ತಿಂದು ನಡುವಿನ ತುಂಡಿಗೂ ಕೈ ಹಾಕ್ತೀರಿ. ನೀವು ಹೋಗಿ ಕಲಿಯಬೇಕಾದ್ದು ಅದನ್ನು."

ಅಗೆದ ರಸ್ತೆ ಮುಚ್ಚಿದರು, ಅಂಗಡಿ ತೆರೆದೆ. ಗಲ್ಫಿನಲ್ಲಿ ಎಂತ ನೋಡಿದೆ ಎಂದು ಕೇಳುವವರಿಗೆ ಹಕ್ಕಿಯ ಗೂಡು ಎಂದರೆ, ಎತ್ತರದ ಕಟ್ಟಡ ನೋಡ್ಲಿಲ್ವಾ ಎನ್ನುತ್ತಾರೆ.

ಮೂರು ವಾರದ ಮೇಲೆ ಹಮೀದ್ ಒಂದು ಫೋಟೊ ಕಳಿಸಿದ. ರೋಸಲಿನ್ ಬೇಲಿಯಿಂದ ತೆಗೆದದ್ದು. ಗೂಡಿನ ಅಂಚಿನ ಮೇಲೆ ಒಂದು ತಲೆ, ಕಂದು ಬಣ್ಣದ್ದು, ಕಣ್ಣಿನ ಮೇಲೆ ಆಗಲೇ ಕಪ್ಪು ಪಟ್ಟಿ. ಒಂದೇ. ಮತ್ತೊಂದು ಮೊಟ್ಟೆ ಒಡೆಯಲಿಲ್ಲವೋ, ಅದನ್ನೂ ಆ ದಿನವೇ ಹಕ್ಕಿಗಳು ಒಯ್ದವೋ, ಹೇಳಲು ಬರುವುದಿಲ್ಲವಂತೆ. ನಾನು ಮಣೆಯ ಮುಂದೆ ನಿಂತು ಆ ಒಂದು ತಲೆಯನ್ನು ನೋಡಿದೆ, ಇಲ್ಲದ ಎರಡನ್ನೂ ನೋಡಿದೆ.

ಕೂಡಲೇ ಅವನ ಫೋನ್ ಬಂತು.

"ಮರಿಯ ಪಕ್ಕದಲ್ಲಿ ಮೀನು ಉಂಟಲ್ಲ, ಅದು ಯಾವುದು ಅಂತ ಮೇಡಂ ಕೇಳ್ತಿದ್ದಾರೆ. ಹಾಳೆ ತುಂಬಿಸ್ಬೇಕಂತೆ. ನಿನ್ನ ಹೊರತು ಯಾರಿಗೂ ಗೊತ್ತಾಗುವುದಿಲ್ಲ ಅಂತ."

ಕೈ ತೊಳೆದು ಒರೆಸಿಕೊಂಡು ಫೋಟೊ ದೊಡ್ಡದು ಮಾಡಿದೆ. ತಲೆ ಇಲ್ಲ. ಮೈ ಶೇರಿಯ ಹಾಗೇ ಇತ್ತು. ಬಾಲ ಗೂಡಿನ ಕಡ್ಡಿಗಳೊಳಗೆ ಮುಚ್ಚಿಹೋಗಿತ್ತು. ಎದುರು ಇಬ್ಬರು ಗಿರಾಕಿಗಳು ಕಾಯುತ್ತಿದ್ದರು, ಮೂವತ್ತು ವರ್ಷದಿಂದ ನನ್ನ ಮಾತಿನ ಮೇಲೆ ಮೀನು ಒಯ್ಯುವವರು.

"ಎಂತ ಮಾರಾಯ, ಹೇಳು. ಶೇರಿಯಾ?"

"ಬಾಲ ಕಾಣುವುದಿಲ್ಲ," ಎಂದೆ. "ಗೊತ್ತಿಲ್ಲ ಅಂತ ಬರಿ."

ಆ ಕಡೆ ಹೋಟೆಲಿನ ಮುಂದೆ ಯಾರೋ ಚಹಾಕ್ಕೆ ಹಾರ್ನ್ ಬಾರಿಸಿದ್ದು ಕೇಳಿಸಿತು.

"ಎಂತ ಹೇಳಿದಿ? ಇನ್ನೊಮ್ಮೆ ಹೇಳು," ಎಂದ ಹಮೀದ್.

ಇನ್ನೊಮ್ಮೆ ಹೇಳಿದೆ.